ಕಸುಬನ್ನು ಕೇಳಿದ ವೈದ್ಯ

ನೋವೆಂದು ಬಂದ ರೋಗಿಯ ನಾಡಿ ಹಿಡಿದು, ನೋವು ಎಲ್ಲಿ, ಎಷ್ಟು ದಿನಗಳಿಂದ, ಊಟ ನಿದ್ರೆಗಳು ಹೇಗೆ ಎಂದು ವಿಚಾರಿಸುವುದು ವೈದ್ಯರಲ್ಲಿ ಹಿಂದಿನಿಂದಲೂ ನಡೆದುಬಂದ ಕ್ರಮ. ರೋಗಿಯ ಉದ್ಯೋಗ ಯಾವುದೆಂಬ ಪ್ರಶ್ನೆಯನ್ನೂ ಈ ಸಾಲಿಗೆ ಸೇರಿಸಲೇಬೇಕೆಂದು ಲೋಕಕ್ಕೆ ತಿಳಿಹೇಳಿದ ಮಹನೀಯರು ಇಟಲಿ ದೇಶದ ವೈದ್ಯ ಬರ್ನಾರ್ದಿನೊ ರಾಮಾತ್ಸಿನಿಯವರು.

ಇವರು 1633ನೇ ಇಸವಿ ಅಕ್ಟೋಬರ್ 4ರಂದು ಉತ್ತರ ಇಟಲಿಯ ಕಾರ್ಪಿ ಪಟ್ಟಣದಲ್ಲಿ ಜನಿಸಿದರು. ಪಾರ್ಮಾದಲ್ಲಿ ವ್ಯಾಸಂಗ ಮಾಡಿ 1659ರಲ್ಲಿ ವೈದ್ಯ ಪದವಿಯನ್ನು ಪಡೆದರು. ದೂರದ ಸಣ್ಣ ಊರುಗಳಲ್ಲಿ ವೃತ್ತಿಯನ್ನಾರಂಭಿಸಿದರಾದರೂ ಮಲೇರಿಯಾ ಜ್ವರಕ್ಕೆ ತುತ್ತಾಗಿ ಹುಟ್ಟೂರಿಗೆ ಮರಳಬೇಕಾಯಿತು. ಬಳಿಕ ಮೊದೆನಾ ನಗರದಲ್ಲಿ ನೆಲೆಸಿ, 1682ರಲ್ಲಿ ಅಲ್ಲಿನ ವಿದ್ಯಾಪೀಠದ ಪ್ರಾಧ್ಯಾಪಕರಾದರು.

ಒಮ್ಮೆ ಇವರ ಮನೆಯ ಮಲದ ಗುಂಡಿಯನ್ನು ತೆಗೆಯಲು ಬಂದ ಆಳು ಏದುಸಿರು ಬಿಡುತ್ತಾ ಅವಸರದಿಂದ ದುಡಿಯುತ್ತಿದ್ದನು. ಕಾರಣವನ್ನು ಕೇಳಲಾಗಿ, ಅಲ್ಲಿ ಹೆಚ್ಚು ಹೊತ್ತು ನಿಂತರೆ ಕಣ್ಣೇ ಹೋಗುವುದೆಂದು ಆತನು ತಿಳಿಸಿದನು. ಇದು ವೈದ್ಯರ ಮನಸ್ಸಿನಲ್ಲಿ ನಾಟಿತು. ಅಂದಿನಿಂದ ಅವರು ಕಮ್ಮಾರಸಾಲೆ, ನೇಕಾರರ ಮನೆ, ರೊಟ್ಟಿ ಸುಡುವ ಭಟ್ಟಿಗಳಿಗೆ ತಾವಾಗಿ ಹೋಗಿ, ದುಡಿಯುವವರನ್ನು ಕಣ್ಣಾರೆ ಕಂಡು ವಿಚಾರಿಸತೊಡಗಿದರು. ಬಡವನ ಮನೆಗೆ ಹೋದ ವೈದ್ಯನು ಮುಕ್ಕಾಲು ಮಣೆಯಾದರೂ ಸರಿಯೇ, ಚಿನ್ನದ ಪೀಠವೆಂಬಂತೆ ಕುಳಿತು ಸಾವಧಾನವಾಗಿ ಮಾತನಾಡಬೇಕೆಂಬುದು ಅವರ ಮತ. ಈ ಅನುಭವದ ಫಲವಾಗಿ ಕಸುಬುದಾರರ ರೋಗಗಳನ್ನು ಕುರಿತ ಅವರ ಲ್ಯಾಟಿನ್ ಗ್ರಂಥವು 1700ರಲ್ಲಿ ಪ್ರಕಟವಾಯಿತು. ಅದೇ ವರ್ಷ ಪಾದುವಾ ವಿಶ್ವವಿದ್ಯಾಲಯವು ಅವರನ್ನು ಬರಮಾಡಿಕೊಂಡಿತು.

ಕಾಲು ಮಡಚಿ ಬಾಗಿ ಹೊಲಿಯುವ ದರ್ಜಿಗೆ ಕಾಲು ಜೋಮು ಹಿಡಿಯುವುದು, ಸೊಂಟದಿಂದ ಕಾಲಿಗಿಳಿಯುವ ನೋವು. ಹಿಟ್ಟು ನಾದುವವನಿಗೆ ಕೈ ದಪ್ಪವಾಗುವುದು. ದಿನವಿಡೀ ನಿಲ್ಲುವವನಿಗೆ ಕಾಲಿನ ನರಗಳು ಉಬ್ಬುವುದು: ಇವೆಲ್ಲವನ್ನೂ ಅವರು ಗುರುತಿಸಿದರು. ಕೆಟ್ಟ ವಸ್ತುಗಳ ಸಂಪರ್ಕವಷ್ಟೇ ಅಲ್ಲದೆ, ಅಸಹಜ ಭಂಗಿ ಮತ್ತು ಎಡೆಬಿಡದ ಚಲನೆಯೂ ರೋಗಕ್ಕೆ ಕಾರಣವೆಂದು ಸಾರಿದರು.

1713ರ ಎರಡನೆಯ ಆವೃತ್ತಿಗೆ ಸೇರಿಸಿದ ಭಾಗದಲ್ಲಿ ಗುಮಾಸ್ತರ ವಿಚಾರವಿದೆ. ಅವರ ಕಷ್ಟಗಳಿಗೆ ಮೂರು ಕಾರಣಗಳನ್ನು ಹೇಳಿದ್ದಾರೆ: ಕುಳಿತಲ್ಲೇ ಕುಳಿತಿರುವುದು, ಕೈಯನ್ನು ಸದಾ ಒಂದೇ ರೀತಿ ಆಡಿಸುವುದು, ಬರಹದಲ್ಲಿ ತಪ್ಪಾದೀತೆಂಬ ಭಯದಿಂದ ಮನಸ್ಸನ್ನು ದಂಡಿಸುವುದು. ಅವರ ಪರಿಚಯದ ದಸ್ತಾವೇಜು ಬರಹಗಾರನೊಬ್ಬನ ಬಲಗೈ ಕ್ರಮೇಣ ಸೋತು ಕೊನೆಗೆ ಸ್ವಾಧೀನ ತಪ್ಪಿತು. ಆತನು ಎಡಗೈಯಿಂದ ಬರೆಯಲು ಕಲಿತನು. ಕೆಲಕಾಲದಲ್ಲಿ ಅದಕ್ಕೂ ಅದೇ ಗತಿಯಾಯಿತು. ಕೆಲಸ ಬಿಟ್ಟರೆ ಊಟವಿಲ್ಲದವನು ಅರ್ಧ ಗುಣವಾಗುವ ಮೊದಲೇ ಕೆಲಸಕ್ಕೆ ಮರಳುತ್ತಾನೆ, ಸಂಸಾರದ ಬಡತನವನ್ನು ನೆನೆದು ಹಾಸಿಗೆಯಲ್ಲೇ ಕೊರಗುತ್ತಾನೆ ಎಂಬುದನ್ನೂ ಈ ವೈದ್ಯರು ಮರೆಯಲಿಲ್ಲ. ಮಿತವಾದ ದುಡಿಮೆ, ನಡುನಡುವೆ ವಿಶ್ರಾಂತಿ, ಭಂಗಿಯ ಬದಲಾವಣೆ, ಅಂಗಸಾಧನೆ ಇವು ಅವರ ಉಪದೇಶದ ಸಾರ.

ಕೊನೆಗಾಲದಲ್ಲಿ ದೃಷ್ಟಿ ಮಂದವಾದರೂ ಪಾಠವನ್ನು ಬಿಡದ ಅವರು 1714ರ ನವೆಂಬರ್ 5ರಂದು ಪಾದುವಾದಲ್ಲಿ ತೀರಿಕೊಂಡರು. ಆಗ ಅವರಿಗೆ 81 ವರ್ಷ.

ಮೂರು ಶತಮಾನಗಳು ಕಳೆದವು. ಲೇಖನಿಯ ಬದಲು ಕಂಪ್ಯೂಟರು ಬಂದಿದೆ. ತಪ್ಪಾದರೆ ಕೆಲಸ ಹೋದೀತೆಂಬ ಭಯ ಮಾತ್ರ ಹಾಗೆಯೇ ಇದೆ. ಮನಸ್ಸು ಬಿಗಿದಾಗ ಕುತ್ತಿಗೆ ಭುಜಗಳ ಸ್ನಾಯುಗಳೂ ಬಿಗಿಯುವುವೆಂದು ಇಂದಿನ ವೈದ್ಯರೂ ಒಪ್ಪುತ್ತಾರೆ. ಪರವೂರುಗಳಲ್ಲಿ ಹೋಟೆಲು, ಅಂಗಡಿ, ಕಚೇರಿಗಳನ್ನು ನಂಬಿ ಬದುಕುವ ನಮ್ಮವರಲ್ಲಿ ಕಾವಲಿಯ ಮುಂದೆ ದಿನವಿಡೀ ನಿಲ್ಲುವವರೂ, ಮೇಜಿನ ಮುಂದೆ ಬಾಗಿ ಕೂರುವವರೂ ಅನೇಕರು. ವೈದ್ಯರಲ್ಲಿಗೆ ಹೋದಾಗ ತಮ್ಮ ಕಸುಬನ್ನೂ ದುಡಿಮೆಯ ಹೊತ್ತನ್ನೂ ಅವರು ಮುಚ್ಚಿಡದೆ ಹೇಳಲಿ. ಧಣಿಗಳಾದವರು, ಆಳು ಸೊಂಟ ಹಿಡಿದು ನಿಂತಾಗ ಮೈಗಳ್ಳನೆಂದು ಗದರುವ ಮೊದಲು ಕೂರಲು ಒಂದು ಮಣೆಯನ್ನು ಕೊಡಲಿ. ರಾಮಾತ್ಸಿನಿಯವರಿಗೆ ಸಲ್ಲಿಸುವ ಗೌರವ ಅದಕ್ಕಿಂತ ಬೇರೆ ಬೇಕಿಲ್ಲ.