ವ್ಯಾಯಾಮಾಚಾರ್ಯ ಕೆ. ವಿ. ಅಯ್ಯರ್

ದೇಹಬಲವು ಹುಟ್ಟಿನಿಂದ ಬರುವ ಭಾಗ್ಯವೆಂಬ ನಂಬಿಕೆ ಬಹುಕಾಲದಿಂದ ಜನರಲ್ಲಿದೆ. ಬಲಶಾಲಿಯನ್ನು ಕಂಡು ಬೆರಗಾಗುವವರು ಹಲವರು. ಆ ಬಲ ಎಲ್ಲಿಂದ ಬಂತು, ದುರ್ಬಲನೂ ಅದನ್ನು ಗಳಿಸಬಲ್ಲನೇ ಎಂದು ವಿಚಾರಿಸುವವರು ಕೆಲವರು. ಆ ಕೆಲವರ ಸಾಲಿಗೆ ಸೇರಿದವರು ಬೆಂಗಳೂರಿನ ಕೆ. ವಿ. ಅಯ್ಯರ್. ವಿಶ್ವವಿದ್ಯಾನಿಲಯದ ಪೀಠವನ್ನು ಅಲಂಕರಿಸದಿದ್ದರೂ ಅವರು ಪ್ರೊಫೆಸರ್ ಎಂದೇ ಹೆಸರಾದರು. ವ್ಯಾಯಾಮಶಾಲೆಯೇ ಅವರ ಪ್ರಯೋಗಾಲಯ. ಮನುಷ್ಯದೇಹವೇ ಅವರ ಅಧ್ಯಯನದ ವಿಷಯ.

ಕೋಲಾರದ ವೆಂಕಟೇಶ ಅಯ್ಯರ್ ಹುಟ್ಟಿದ್ದು 1897ರಲ್ಲಿ. ಆಗ ಮೈಸೂರು ಸೀಮೆಯಲ್ಲಿ ಗರಡಿಮನೆಗಳಿಗೆ ಕೊರತೆಯಿರಲಿಲ್ಲ. ದಂಡ, ಬಸ್ಕಿ, ಗದೆ ತಿರುಗಿಸುವುದು, ಕುಸ್ತಿ ಇವೆಲ್ಲ ತಲೆಮಾರುಗಳಿಂದ ಬಂದ ವಿದ್ಯೆಗಳು. ಅದೇ ಕಾಲದಲ್ಲಿ ಪಶ್ಚಿಮದಿಂದ ಇನ್ನೊಂದು ಗಾಳಿಯೂ ಬೀಸುತ್ತಿತ್ತು. ಯೂರೋಪಿನ ಖ್ಯಾತ ಬಲಶಾಲಿ ಯೂಜೆನ್ ಸ್ಯಾಂಡೋ 1904–05ರಲ್ಲಿ ಭಾರತದಲ್ಲಿ ಸಂಚರಿಸಿ ತನ್ನ ದೇಹಸಾಧನೆಯನ್ನು ಪ್ರದರ್ಶಿಸಿದ್ದನು. ತೂಕದ ಗುಂಡುಗಳಿಂದ ಸ್ನಾಯುಗಳನ್ನು ಬೆಳೆಸಿ, ಎದೆ, ತೋಳು, ತೊಡೆಗಳ ಅಳತೆಯನ್ನು ಬರೆದಿಟ್ಟು ಪ್ರಗತಿಯನ್ನು ನೋಡುವ ಕ್ರಮ ಅವನಿಂದ ಪ್ರಸಿದ್ಧವಾಯಿತು. ಅಯ್ಯರ್ ಅವರು ಈ ಎರಡು ಪದ್ಧತಿಗಳಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಬಿಡಲಿಲ್ಲ. ಎರಡರಲ್ಲಿಯೂ ಇದ್ದ ಸಾರವನ್ನು ಸ್ವೀಕರಿಸಿದರು.

1920ರ ದಶಕದಲ್ಲಿ ಅವರು ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸತೊಡಗಿದರು. ಹೆಸರು ಗ್ರೀಕ್ ಪುರಾಣದ ವೀರನದು. ಆದರೆ ಒಳಗೆ ಕಬ್ಬಿಣದ ತೂಕಗಳೊಡನೆ ಯೋಗಾಸನಗಳಿಗೂ ಸೂರ್ಯನಮಸ್ಕಾರಕ್ಕೂ ಸಮಾನ ಗೌರವವಿತ್ತು. ಯೋಗಾಚಾರ್ಯ ಸುಂದರಂ ಅವರಿಗೆ ಜೊತೆಗಾರರಾಗಿದ್ದರು. ತೂಕದಿಂದ ಸ್ನಾಯು ಬಲಿಯುತ್ತದೆ, ಆಸನಗಳಿಂದ ಒಳಗಿನ ಅಂಗಗಳಿಗೆ ಆರೋಗ್ಯ ಉಂಟಾಗುತ್ತದೆ, ಎರಡೂ ಸೇರಿದಾಗಲೇ ದೇಹ ಪೂರ್ಣವಾಗುತ್ತದೆ ಎಂಬುದು ಅಯ್ಯರ್ ಅವರ ನಿಲುವು. ಸ್ನಾಯುಗಳ ಗಾತ್ರಕ್ಕಿಂತ ಅಂಗಾಂಗಗಳ ಹೊಂದಾಣಿಕೆಯೇ ಅವರಿಗೆ ಮುಖ್ಯವಾಗಿತ್ತು.

ಶಕ್ತಿಸಾಧನೆಯ ಮೂಲಸೂತ್ರ ಸರಳವಾದುದು. ಕರುವೊಂದನ್ನು ದಿನವೂ ಹೆಗಲ ಮೇಲೆ ಹೊರುತ್ತ ಬಂದ ಗ್ರೀಸಿನ ಮೈಲೊ, ಅದು ಬೆಳೆದು ಎತ್ತಾದಾಗಲೂ ಹೊತ್ತನೆಂದು ಐತಿಹ್ಯವಿದೆ. ಭಾರ ಮೆಲ್ಲಮೆಲ್ಲನೆ ಏರಿದರೆ ಸ್ನಾಯು ಅದಕ್ಕೆ ಹೊಂದಿಕೊಂಡು ಬಲಿಯುತ್ತದೆ. ಒಮ್ಮೆಲೇ ಏರಿದರೆ ನೋಯುತ್ತದೆ. ಏರದೆ ನಿಂತರೆ ಬೆಳವಣಿಗೆಯೂ ನಿಲ್ಲುತ್ತದೆ. ಆದುದರಿಂದ ಸಾಧಕನಿಗೆ ಉತ್ಸಾಹವೊಂದೇ ಸಾಲದು, ಲೆಕ್ಕವೂ ಬೇಕು. ನಿನ್ನೆ ಎತ್ತಿದ ತೂಕವೆಷ್ಟು, ಇಂದು ಎತ್ತಿದ್ದು ಎಷ್ಟು ಎಂಬುದು ತಿಳಿಯದಿದ್ದರೆ ಸಾಧನೆ ಕತ್ತಲೆಯಲ್ಲಿ ನಡೆದಂತಾಗುತ್ತದೆ.

ಅಯ್ಯರ್ ಅವರು ಈ ವಿದ್ಯೆಯನ್ನು ನಗರಕ್ಕೆ ಮಾತ್ರ ಮೀಸಲಾಗಿಡಲಿಲ್ಲ. ಅಂಚೆಯ ಮೂಲಕ ವ್ಯಾಯಾಮ ಕಲಿಸುವ ಕ್ರಮವನ್ನು ಆರಂಭಿಸಿದರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಂತಹ ಊರುಗಳಲ್ಲಿ ಮಳೆಗಾಲವೆಲ್ಲ ಮನೆಯೊಳಗೇ ಕಳೆಯುವ ಮಲೆನಾಡಿನ ತರುಣನು ಪ್ರತಿದಿನ ಬೆಂಗಳೂರಿನ ವ್ಯಾಯಾಮಶಾಲೆಗೆ ಬರುವುದು ಸಾಧ್ಯವೇ? ಆದರೆ ಅಂಚೆಯವನು ಎಲ್ಲಿಗೆ ಹೋಗಬಲ್ಲನೋ ಅಲ್ಲಿಗೆ ಪಾಠವೂ ಹೋಗಬಹುದು. ಗುರುವಿನ ಮನೆಯ ಬಾಗಿಲಿಗೆ ಬರಲಾರದವನಿಗೂ ವಿದ್ಯೆ ದೊರೆಯಬೇಕೆಂಬ ಉದಾರತೆ ಇದರಲ್ಲಿದೆ.

ತಮ್ಮ ದೇಹಸೌಂದರ್ಯದ ವಿಷಯದಲ್ಲಿ ಅಯ್ಯರ್ ಅವರಿಗೆ ಅಭಿಮಾನವಿತ್ತು. ಅದನ್ನು ಅವರು ಮರೆಮಾಚಲೂ ಇಲ್ಲ. ಅವರ ಭಾವಚಿತ್ರಗಳು ಪರದೇಶದ ವ್ಯಾಯಾಮ ಪತ್ರಿಕೆಗಳಲ್ಲಿ ಅಚ್ಚಾದುವು. ಆದರೆ ಅವರ ವಿದ್ಯೆ ಪ್ರದರ್ಶನದಲ್ಲಿಯೇ ಮುಗಿಯಲಿಲ್ಲ. ರೋಗಪೀಡಿತರಿಗೆ ತಕ್ಕ ವ್ಯಾಯಾಮಗಳನ್ನು ಹೇಳಿಕೊಡುವುದೂ ಅವರ ಕಾರ್ಯವಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಅನಾರೋಗ್ಯಕ್ಕೊಳಗಾದಾಗ ಅಯ್ಯರ್ ಅವರ ಚಿಕಿತ್ಸೆಯಿಂದ ಉಪಶಮನ ಪಡೆದರು. ಮಹಾರಾಜರ ನೆರವಿನಿಂದ 1940ರ ಸುಮಾರಿಗೆ ಬೆಂಗಳೂರಿನಲ್ಲಿ ಅವರ ವ್ಯಾಯಾಮಶಾಲೆಗೆ ಸ್ವಂತ ಕಟ್ಟಡವಾಯಿತು.

ಕಲಿಸುತ್ತಲೇ ಕಲಿಯುವುದು ಅಯ್ಯರ್ ಅವರ ಸ್ವಭಾವ. ಸ್ನಾಯು ಕೆಲಸ ಮಾಡುವಾಗ ಶಾಖ ಹೇಗೆ ಹುಟ್ಟುತ್ತದೆ, ಲ್ಯಾಕ್ಟಿಕ್ ಆಮ್ಲ ಹೇಗೆ ಉಂಟಾಗುತ್ತದೆ ಎಂಬುದನ್ನು ಶೋಧಿಸಿದ ಹಿಲ್ ಮತ್ತು ಮೇಯರ್‌ಹಾಫ್ ಎಂಬ ವಿಜ್ಞಾನಿಗಳಿಗೆ 1922ನೆಯ ಸಾಲಿನ ನೊಬೆಲ್ ಪಾರಿತೋಷಕ ಸಂದಿತ್ತು. ವ್ಯಾಯಾಮದಿಂದ ದೇಹದಲ್ಲಿ ಆಗುವ ರಾಸಾಯನಿಕ ಬದಲಾವಣೆಗಳನ್ನು ಕುರಿತು ಅಯ್ಯರ್ ಅವರೂ 1943ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಎರಡು ವರ್ಷಗಳ ಅನಂತರ, 1945ರಲ್ಲಿ, ಅಮೆರಿಕದ ವೈದ್ಯ ಥಾಮಸ್ ಡಿಲಾರ್ಮ್ ಗಾಯಗೊಂಡ ಸೈನಿಕರ ಸ್ನಾಯುಗಳಿಗೆ ಭಾರ ಎತ್ತಿಸಿ ಬಲ ಮರಳಿಸಿದ ಕ್ರಮವನ್ನು ಪ್ರಕಟಿಸಿದನು. ಭಾರವೂ ಔಷಧವಾಗಬಲ್ಲುದೆಂಬ ಮಾತನ್ನು ವೈದ್ಯಲೋಕವೂ ಹೀಗೆ ಒಪ್ಪತೊಡಗಿತು.

ಬಲಶಾಲಿಗೆ ಸಾಹಿತ್ಯವೇಕೆ ಎಂದು ಕೇಳುವವರಿಗೆ ಅಯ್ಯರ್ ಅವರ ಬದುಕೇ ಉತ್ತರ. ನಾಟಕಕಾರ ಟಿ. ಪಿ. ಕೈಲಾಸಂ ಅವರ ಆಪ್ತ ಗೆಳೆಯರು. ಹೊಯ್ಸಳ ರಾಣಿಯ ಕಥೆಯನ್ನುಳ್ಳ ‘ಶಾಂತಲಾ’ ಮತ್ತು ‘ರೂಪದರ್ಶಿ’ ಅವರ ಪ್ರಸಿದ್ಧ ಕಾದಂಬರಿಗಳು. ‘ರೂಪದರ್ಶಿ’ಯಲ್ಲಿ ಚಿತ್ರಕಾರನು ಬಾಲಕ್ರಿಸ್ತನ ಚಿತ್ರಕ್ಕೆ ಮುಗ್ಧ ಬಾಲಕನೊಬ್ಬನನ್ನು ಮಾದರಿಯಾಗಿ ಆರಿಸಿಕೊಳ್ಳುತ್ತಾನೆ, ವರ್ಷಗಳು ಉರುಳಿದ ಮೇಲೆ ದ್ರೋಹಿ ಜೂಡಾಸನ ಚಿತ್ರಕ್ಕೂ ಅವನೇ ಮಾದರಿಯಾಗುತ್ತಾನೆ. ಮನುಷ್ಯನ ನಡತೆ ಅವನ ಮುಖದಲ್ಲಿ ಮೂಡಿ ನಿಲ್ಲುತ್ತದೆಂಬ ಈ ಕಥೆಯನ್ನು ದೇಹವನ್ನೇ ಜೀವಮಾನವೆಲ್ಲ ಅಭ್ಯಸಿಸಿದವರು ಬರೆದುದು ಉಚಿತವೇ ಆಗಿದೆ.

1980ರಲ್ಲಿ ಅಯ್ಯರ್ ಅವರು ನಿಧನರಾದರು. ತೋಳಿನ ಸುತ್ತಳತೆಯನ್ನು ಪಟ್ಟಿಯಿಂದ ಅಳೆಯಬಹುದು. ಎತ್ತುವ ಭಾರವನ್ನು ತಕ್ಕಡಿಯಿಂದ ತಿಳಿಯಬಹುದು. ಆ ಬಲವನ್ನು ದುರ್ಬಲರೊಡನೆ ಹಂಚಿಕೊಂಡ ಮನಸ್ಸಿಗೆ ಮಾತ್ರ ಅಳತೆಗೋಲಿಲ್ಲ. ಶಕ್ತಿಯು ಕೆಲವರ ಸೊತ್ತಲ್ಲ, ನಿಯಮದಿಂದ ದುಡಿಯುವ ಎಲ್ಲರ ಗಳಿಕೆ ಎಂಬುದನ್ನು ತೋರಿಸಿಕೊಟ್ಟುದೇ ಅವರ ಬಾಳಿನ ಹಿರಿಮೆ.