ಚಿತ್ರದುರ್ಗದ ಓಬವ್ವ

ಕಲಬುರಗಿಯ ಕೋಟೆಯನ್ನು ಕಂಡಿರುವ ಕಮಲಾಪುರದ ಕಡೆಯ ನಮ್ಮ ಸಹೋದರ ಸಹೋದರಿಯರು ಕೋಟೆಯೆಂದ ಕೂಡಲೆ ಅರಸರನ್ನೂ ತೋಪುಗಳನ್ನೂ ನೆನಸುವರು. ಆದರೆ ಯುದ್ಧಕಾಲದಲ್ಲಿಯೂ ಕೋಟೆಯೊಳಗೆ ಒಲೆ ಹೊತ್ತಿಸುವವರೂ ನೀರು ಹೊರುವವರೂ ಧಾನ್ಯ ಕುಟ್ಟುವವರೂ ಇರುತ್ತಿದ್ದರು. ಅಂಥವರಲ್ಲಿ ಒಬ್ಬಳ ಚರಿತ್ರೆಯನ್ನು ಈ ಸಾರಿ ಹೇಳುವೆವು.

ಹದಿನೆಂಟನೆಯ ಶತಮಾನದಲ್ಲಿ ಚಿತ್ರದುರ್ಗವನ್ನು ಮದಕರಿ ನಾಯಕನು ಆಳುತ್ತಿರುವಾಗ, ಮೈಸೂರಿನ ಹೈದರಾಲಿಯು ಆ ಏಳು ಸುತ್ತಿನ ಕೋಟೆಯನ್ನು ಹಿಡಿಯಬೇಕೆಂದು ಹಲವು ಸಾರಿ ದಂಡೆತ್ತಿ ಬಂದನು. ಬಂಡೆಗಳ ನಡುವಣ ಹೊಂಡಗಳಲ್ಲಿ ನಿಂತ ಮಳೆಯ ನೀರೇ ಒಳಗಿನ ಜನರಿಗೆ ಆಧಾರವಾಗಿತ್ತು.

ಓಬವ್ವನು ಕೋಟೆಯ ಕಾವಲುಗಾರನಾದ ಕಹಳೆಯ ಮುದ್ದಹನುಮನ ಹೆಂಡತಿ. ಆಕೆಯು ಛಲವಾದಿ ಕುಲದವಳೆಂದು ಹೇಳುವರು. ಅರಮನೆಯ ಸುಖವನ್ನಾಗಲಿ ಕತ್ತಿಯ ವಿದ್ಯೆಯನ್ನಾಗಲಿ ಕಂಡವಳಲ್ಲ. ಮನೆಗೆಲಸವೇ ಆಕೆಯ ದಿನಚರಿ.

ಒಂದು ಮಧ್ಯಾಹ್ನ ಗಂಡನು ಊಟಕ್ಕೆ ಬಂದಾಗ ಆಕೆಯು ನೀರು ತರುವದಕ್ಕೆ ಹೊರಟಳು. ದಾರಿಯಲ್ಲಿ, ಒಬ್ಬನು ಮಾತ್ರ ನುಸುಳಬಹುದಾದ ಬಂಡೆಯ ಕಿಂಡಿಯೊಳಗಿಂದ ವೈರಿಗಳ ಸದ್ದು ಕೇಳಿಸಿತು. ಹಸಿದು ಬಂದವನನ್ನು ಅನ್ನದ ಮುಂದಿನಿಂದ ಎಬ್ಬಿಸಲು ಆಕೆಗೆ ಮನಸ್ಸಾಗಲಿಲ್ಲ; ಸುಮ್ಮನಿರಲೂ ಆಗದು. ಆದದರಿಂದ ದಿನವೂ ಕೈಯಲ್ಲಿ ಹಿಡಿಯುತ್ತಿದ್ದ ಒನಕೆಯನ್ನೇ ತೆಗೆದುಕೊಂಡು ಕಿಂಡಿಯ ಪಕ್ಕದಲ್ಲಿ ನಿಂತಳು. ತಲೆಯಿಟ್ಟವರನ್ನು ಒಬ್ಬೊಬ್ಬರನ್ನಾಗಿ ಹೊಡೆದು ಕೊಂದು, ಹಿಂದೆ ಬರುವವರಿಗೆ ತಿಳಿಯದ ಹಾಗೆ ಹೆಣಗಳನ್ನು ಎಳೆದು ಹಾಕಿದಳು. ಗಂಡನು ಹುಡುಕುತ್ತಾ ಬಂದು ಇದನ್ನು ಕಂಡು ಕಹಳೆಯನ್ನೂದಿದನು. ದಂಡು ಎದ್ದು ಬಂದು ಕೋಟೆಯನ್ನು ಉಳಿಸಿಕೊಂಡಿತು. ಓಬವ್ವನು ಅದೇ ದಿನ ಪ್ರಾಣ ಬಿಟ್ಟಳು. ವೈರಿಯ ಕೈಯಿಂದ ಸತ್ತಳೆಂದು ಕೆಲವರೂ, ಆ ಘೋರವನ್ನು ಕಂಡ ಆಘಾತದಿಂದ ಸತ್ತಳೆಂದು ಕೆಲವರೂ ಹೇಳುವರು.

ಜನರ ಬಾಯಲ್ಲಿ ಉಳಿದು ಬಂದ ಚರಿತ್ರೆ ಇಷ್ಟೇ. ಕೋಟೆಯು ಕಡೆಗೂ ಉಳಿಯಲಿಲ್ಲ. 1779ರಲ್ಲಿ ಹೈದರಾಲಿಯ ವಶವಾಯಿತು, ಮದಕರಿ ನಾಯಕನು ಸೆರೆಯಾದನು. ಆದರೂ ಆ ಕಿಂಡಿಯು ಇಂದಿಗೂ ಓಬವ್ವನ ಕಿಂಡಿಯೆಂದೇ ಕರೆಯಲ್ಪಡುತ್ತದೆ. 2021ರಿಂದ ನಮ್ಮ ಸರಕಾರವು ನವೆಂಬರ 11ರಂದು ಆಕೆಯ ಜಯಂತಿಯನ್ನು ಆಚರಿಸುತ್ತಾ ಇದೆ.

ಕೊಲ್ಲುವದನ್ನು ಹೊಗಳುವದಕ್ಕಾಗಿ ನಾವು ಇದನ್ನು ಬರೆಯಲಿಲ್ಲ. ಯುದ್ಧವು ನೀರಿಗೆ ಹೋದವಳನ್ನೂ ಬಿಡುವದಿಲ್ಲವೆಂಬದು ದುಃಖದ ಮಾತೇ. ಆದರೆ ತನ್ನ ಮನೆಯ ಮುಂದೆ ಬಂದ ಕರ್ತವ್ಯವನ್ನು ಆಕೆಯು ಇನ್ನೊಬ್ಬರ ಪಾಲಿಗೆ ಬಿಡಲಿಲ್ಲ. ನಮ್ಮ ಮನೆಗಳಲ್ಲಿ ಕುಟ್ಟಿ ಬೀಸುವ ಸಹೋದರಿಯರನ್ನು ಅಲ್ಪರೆಂದು ಎಣಿಸುವವರು ಇದನ್ನು ಆಲೋಚಿಸಲಿ.