ಚಾಲುಕ್ಯ ಚಕ್ರವರ್ತಿ ಇಮ್ಮಡಿ ವಿಕ್ರಮಾದಿತ್ಯ

ಬಾಗಲಕೋಟೆ ಜಿಲ್ಲೆಯ ಇತಿಹಾಸವನ್ನು ಕುರಿತು ಮಾತನಾಡುವಾಗ ಎಲ್ಲರಿಗೂ ಮೊದಲು ನೆನಪಾಗುವ ಹೆಸರು ಇಮ್ಮಡಿ ಪುಲಕೇಶಿಯದು. ಆದರೆ ಪಟ್ಟದಕಲ್ಲಿಗೆ ಬರುವ ಪ್ರವಾಸಿಗರು ಬೆರಗಿನಿಂದ ನೋಡುವ ವಿರೂಪಾಕ್ಷ ಮತ್ತು ಮಲ್ಲಿಕಾರ್ಜುನ ದೇವಾಲಯಗಳು ಆತನ ವಂಶದ ಮತ್ತೊಬ್ಬ ಅರಸನ ಸ್ಮರಣೆಗೆ ಸೇರಿದವು. ಆತನೇ ಇಮ್ಮಡಿ ವಿಕ್ರಮಾದಿತ್ಯ. ಜೀವಿತದ ಬಹುಭಾಗವನ್ನು ರಣರಂಗದಲ್ಲಿ ಕಳೆದ ಈ ಅರಸನ ವಿಜಯವನ್ನು ಕಲ್ಲಿನಲ್ಲಿ ಉಳಿಸಿದವರು ಆತನ ಕುಟುಂಬದವರೇ ಎಂಬುದು ವಿಶೇಷ ಸಂಗತಿಯಾಗಿದೆ.

ವಂಶ ಮತ್ತು ಹಿನ್ನೆಲೆ

ಬಾದಾಮಿಯನ್ನು ರಾಜಧಾನಿಯಾಗಿ ಮಾಡಿಕೊಂಡು ಆಳಿದ ಚಾಲುಕ್ಯರಿಗೂ ಕಂಚಿಯ ಪಲ್ಲವರಿಗೂ ತಲೆಮಾರುಗಳಿಂದ ವೈರವಿತ್ತು. ಕ್ರಿ.ಶ. 642ರ ಸುಮಾರಿಗೆ ಪಲ್ಲವ ಅರಸ ಒಂದನೆಯ ನರಸಿಂಹವರ್ಮನು ಬಾದಾಮಿಯನ್ನು ವಶಪಡಿಸಿಕೊಂಡನು. ಇಮ್ಮಡಿ ಪುಲಕೇಶಿಯ ಆಳ್ವಿಕೆ ಅಲ್ಲಿಗೆ ಕೊನೆಗೊಂಡಿತು. ಶತ್ರುವಿನ ವಿಜಯ ಶಾಸನವು ಬಾದಾಮಿಯ ಬಂಡೆಯ ಮೇಲೆಯೇ ಕೊರೆಯಲ್ಪಟ್ಟಿತು. ಸುಮಾರು ಹನ್ನೆರಡು ವರ್ಷಗಳ ನಂತರ ಪುಲಕೇಶಿಯ ಮಗ ಒಂದನೆಯ ವಿಕ್ರಮಾದಿತ್ಯನು ರಾಜ್ಯವನ್ನು ಮರಳಿ ಪಡೆದನಾದರೂ ಆ ಅವಮಾನದ ನೆನಪು ಮನೆತನದಿಂದ ಅಳಿಯಲಿಲ್ಲ.

ಇಮ್ಮಡಿ ವಿಕ್ರಮಾದಿತ್ಯನು ಈ ಒಂದನೆಯ ವಿಕ್ರಮಾದಿತ್ಯನ ಮರಿಮಗ, ವಿನಯಾದಿತ್ಯನ ಮೊಮ್ಮಗ ಹಾಗೂ ವಿಜಯಾದಿತ್ಯನ ಮಗ. ತಂದೆ ವಿಜಯಾದಿತ್ಯನು ಕ್ರಿ.ಶ. 696ರಿಂದ 733ರವರೆಗೆ, ಅಂದರೆ ಸುಮಾರು 37 ವರ್ಷಗಳ ಕಾಲ ಆಳಿದನು. ಆದ್ದರಿಂದ ಮಗನು ಸಿಂಹಾಸನವೇರುವ ಮೊದಲು ದೀರ್ಘಕಾಲ ಯುವರಾಜನಾಗಿ ಆಡಳಿತ ಮತ್ತು ಯುದ್ಧ ಎರಡರಲ್ಲಿಯೂ ಅನುಭವ ಪಡೆಯುವಂತಾಯಿತು.

ಯುವರಾಜನಾಗಿ

ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ಯುವರಾಜ ವಿಕ್ರಮಾದಿತ್ಯನ ಒಂದು ಶಾಸನವಿದೆ. ಅಂದಿನ ಪೊರಿಗೆರೆ ಪಟ್ಟಣದ ಮಹಾಜನರು ಹಾಗೂ ನಗರದವರಿಗೆ ನೀಡಿದ ಆಚಾರ ವ್ಯವಸ್ಥೆಯನ್ನು ಇದು ದಾಖಲಿಸುತ್ತದೆ. ರಾಜಪುರುಷರ ಕರ್ತವ್ಯಗಳೇನು, ಪ್ರಜೆಗಳ ಹೊಣೆಗಳೇನು ಎಂಬುದನ್ನು ಇದರಲ್ಲಿ ಗೊತ್ತುಪಡಿಸಲಾಗಿದೆ. ಮನೆತನಗಳ ಸ್ಥಿತಿಗತಿಗೆ ಅನುಗುಣವಾಗಿ ಹತ್ತು, ಏಳು, ಐದು ಮತ್ತು ಮೂರು ಪಣಗಳಂತೆ ತೆರಿಗೆ ನಿಗದಿಯಾಗಿತ್ತು. ಶಕ್ತಿಗೆ ತಕ್ಕಂತೆ ತೆರಿಗೆ ಎಂಬ ತತ್ತ್ವವು ಹದಿಮೂರು ಶತಮಾನಗಳ ಹಿಂದೆಯೇ ನಮ್ಮ ನಾಡಿನಲ್ಲಿ ಆಚರಣೆಯಲ್ಲಿತ್ತೆಂಬುದು ಇದರಿಂದ ತಿಳಿದುಬರುತ್ತದೆ.

ತಂದೆಯ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಯುವರಾಜನು ಮೊದಲ ಬಾರಿಗೆ ಕಂಚಿಯ ಮೇಲೆ ದಂಡೆತ್ತಿ ಹೋದನು. ಪಲ್ಲವ ಅರಸ ಇಮ್ಮಡಿ ಪರಮೇಶ್ವರವರ್ಮನಿಂದ ಕಪ್ಪವನ್ನು ಪಡೆದು ಹಿಂದಿರುಗಿದನೆಂದು ಕರ್ನೂಲು ಜಿಲ್ಲೆಯ ಉಲ್ಚಾಲದ ಶಾಸನ ತಿಳಿಸುತ್ತದೆ.

ಕಂಚಿಯ ವಿಜಯ

ಪಟ್ಟಾಭಿಷಿಕ್ತನಾದ ಬಳಿಕ ವಿಕ್ರಮಾದಿತ್ಯನು ಎರಡನೆಯ ಬಾರಿ ಕಂಚಿಯತ್ತ ಸಾಗಿದನು. ಈ ದಂಡಯಾತ್ರೆಯ ವಿವರಗಳು ಆತನ ಮಗ ಇಮ್ಮಡಿ ಕೀರ್ತಿವರ್ಮನ ವಕ್ಕಲೇರಿ ತಾಮ್ರಪಟಗಳಲ್ಲಿ ದೊರೆಯುತ್ತವೆ. ಪಲ್ಲವ ನಂದಿವರ್ಮನು ಸೋತು ಹಿಮ್ಮೆಟ್ಟಿದನು. ಆತನ ರಣವಾದ್ಯಗಳು, ಖಟ್ವಾಂಗ ಧ್ವಜ, ಮದಗಜಗಳು ಮತ್ತು ಮಾಣಿಕ್ಯದ ರಾಶಿ ಚಾಲುಕ್ಯರ ಕೈಸೇರಿದವು. ಕಂಚಿಯ ದ್ವಾರಗಳು ತೆರೆದವು.

ಬಾದಾಮಿಗೆ ಆದದ್ದನ್ನು ಕಂಚಿಗೆ ಮರಳಿಸುವ ಅವಕಾಶ ಈಗ ಒದಗಿತ್ತು. ಹಾಗೆ ಮಾಡಿದ್ದರೆ ಅಂದಿನ ರಾಜನೀತಿಯಲ್ಲಿ ಯಾರೂ ಅದನ್ನು ತಪ್ಪೆನ್ನುತ್ತಿರಲಿಲ್ಲ. ಆದರೆ ವಿಕ್ರಮಾದಿತ್ಯನು ನಗರವನ್ನು ನಾಶಪಡಿಸಲಿಲ್ಲ. ಬ್ರಾಹ್ಮಣರಿಗೆ, ದೀನರಿಗೆ ಮತ್ತು ಅನಾಥರಿಗೆ ದಾನಗಳನ್ನಿತ್ತನು. ಪಲ್ಲವರು ಕಟ್ಟಿಸಿದ್ದ ರಾಜಸಿಂಹೇಶ್ವರ, ಅಂದರೆ ಇಂದಿನ ಕೈಲಾಸನಾಥ ದೇವಾಲಯದ ಸಂಪತ್ತನ್ನು ಮುಟ್ಟದೆ ದೇವರಿಗೇ ಬಿಟ್ಟುಕೊಟ್ಟನು. ಈ ಸಂಗತಿಯನ್ನು ಸಾರುವ ಕನ್ನಡ ಶಾಸನವು ಆ ದೇವಾಲಯದ ಮಂಟಪದ ಕಂಬದ ಮೇಲೆ ಇಂದಿಗೂ ಇದೆ. ನಂತರ ನಗರವನ್ನು ಮರಳಿ ಪಡೆದ ಪಲ್ಲವರು ಕೂಡ ತಮ್ಮ ಸೋಲನ್ನು ಹೇಳುವ ಆ ಬರಹವನ್ನು ಅಳಿಸಲಿಲ್ಲ.

ಮೂರನೆಯ ದಂಡಯಾತ್ರೆಗೆ ವಿಕ್ರಮಾದಿತ್ಯನು ತನ್ನ ಮಗ ಯುವರಾಜ ಕೀರ್ತಿವರ್ಮನನ್ನು ಕಳುಹಿಸಿದನು. ತಾನು ತಂದೆಯಿಂದ ಪಡೆದ ಹೊಣೆಯನ್ನು ಮಗನಿಗೆ ಅದೇ ರೀತಿ ವಹಿಸಿಕೊಟ್ಟನು.

ಬಂಧುವಿಗೆ ಸಂದ ಗೌರವ

ವಿಕ್ರಮಾದಿತ್ಯನ ಕಾಲದಲ್ಲಿಯೇ ಸಿಂಧ್ ಕಡೆಯಿಂದ ಬಂದ ಅರಬ್ ಸೇನೆಯು ದಕ್ಷಿಣ ಗುಜರಾತಿನ ನವಸಾರಿಯವರೆಗೆ ನುಗ್ಗಿತು. ಅಲ್ಲಿ ಆಳುತ್ತಿದ್ದ ಚಾಲುಕ್ಯ ಮನೆತನದ ಕವಲಿನ ಅವನಿಜನಾಶ್ರಯ ಪುಲಕೇಶಿಯು ಅದನ್ನು ಹಿಮ್ಮೆಟ್ಟಿಸಿದನು. ಈ ವಿಜಯಕ್ಕೆ ಮೆಚ್ಚಿ ಚಕ್ರವರ್ತಿಯು ಬಂಧುವಿಗೆ ದಕ್ಷಿಣಾಪಥಕ್ಕೆ ಆಧಾರನಾದವನು ಹಾಗೂ ಚಾಲುಕ್ಯ ಕುಲಕ್ಕೆ ಅಲಂಕಾರನಾದವನು ಎಂಬ ಅರ್ಥದ ಬಿರುದುಗಳನ್ನು ನೀಡಿ ಗೌರವಿಸಿದನು. ಕ್ರಿ.ಶ. 739ರ ನವಸಾರಿ ತಾಮ್ರಪಟಗಳು ಇದನ್ನು ದಾಖಲಿಸಿವೆ.

ರಾಣಿಯರು ಕಟ್ಟಿಸಿದ ದೇವಾಲಯಗಳು

ವಿಕ್ರಮಾದಿತ್ಯನ ಪಟ್ಟದರಸಿ ಲೋಕಮಹಾದೇವಿ ಹಾಗೂ ಆಕೆಯ ತಂಗಿ ತ್ರೈಲೋಕ್ಯಮಹಾದೇವಿ ಇಬ್ಬರೂ ಹೈಹಯ ವಂಶದವರು. ಪತಿಯು ಕಂಚಿಯನ್ನು ಮೂರು ಬಾರಿ ಗೆದ್ದುದರ ನೆನಪಿಗಾಗಿ ಲೋಕಮಹಾದೇವಿಯು ಮಲಪ್ರಭಾ ನದಿಯ ದಂಡೆಯ ಮೇಲೆ ಲೋಕೇಶ್ವರ ದೇವಾಲಯವನ್ನು ಕಟ್ಟಿಸಿದಳು. ಅದೇ ಇಂದಿನ ವಿರೂಪಾಕ್ಷ ದೇವಾಲಯ. ಇದರ ಶಿಲ್ಪಿ ಗುಂಡ ಅನಿವಾರಿತಾಚಾರಿಗೆ ತ್ರಿಭುವನಾಚಾರಿ ಎಂಬ ಬಿರುದು ದೊರೆಯಿತು. ಸರ್ವಸಿದ್ಧಿ ಆಚಾರಿಯ ಹೆಸರೂ ಇಲ್ಲಿನ ಶಾಸನದಲ್ಲಿದೆ. ಮಾವನಾದ ವಿಜಯಾದಿತ್ಯನು ಗಾಯಕರಿಗೆ ಕೊಟ್ಟಿದ್ದ ಸವಲತ್ತುಗಳನ್ನು ಈ ರಾಣಿಯು ಮುಂದುವರಿಸಿದಳು.

ತಂಗಿ ತ್ರೈಲೋಕ್ಯಮಹಾದೇವಿಯು ಸಮೀಪದಲ್ಲಿಯೇ ತ್ರೈಲೋಕ್ಯೇಶ್ವರ, ಅಂದರೆ ಇಂದಿನ ಮಲ್ಲಿಕಾರ್ಜುನ ದೇವಾಲಯವನ್ನು ಕಟ್ಟಿಸಿದಳು. ಕೀರ್ತಿವರ್ಮನ ತಾಯಿ ಈಕೆಯೇ. ಸ್ವಲ್ಪ ದೂರದಲ್ಲಿ ವಿಜಯಾದಿತ್ಯನ ವಿಜಯೇಶ್ವರ, ಅಂದರೆ ಸಂಗಮೇಶ್ವರ ದೇವಾಲಯವಿದೆ. ಹೀಗೆ ತಂದೆ ಮತ್ತು ಇಬ್ಬರು ಸೊಸೆಯಂದಿರ ದೇವಾಲಯಗಳು ಒಂದೇ ಆವರಣದಲ್ಲಿ, ಒಂದೇ ಮನೆಯವರು ಜೊತೆಗೆ ನಿಂತಂತೆ ಕಾಣುತ್ತವೆ. ವಿರೂಪಾಕ್ಷ ದೇವಾಲಯದ ರಚನೆಯಲ್ಲಿ ಕಂಚಿಯ ಕೈಲಾಸನಾಥ ದೇವಾಲಯದ ಪ್ರಭಾವವನ್ನು ವಿದ್ವಾಂಸರು ಗುರುತಿಸಿದ್ದಾರೆ. ಗೆದ್ದ ನಗರದಿಂದ ಅರಸನು ತಂದ ಶ್ರೇಷ್ಠ ಸಂಪತ್ತು ಇದೇ ಎನ್ನಬಹುದು.

ನಂತರದ ದಿನಗಳು

ಕ್ರಿ.ಶ. 744–45ರ ಸುಮಾರಿಗೆ ವಿಕ್ರಮಾದಿತ್ಯನ ಆಳ್ವಿಕೆ ಕೊನೆಗೊಂಡಿತು. ಮನೆತನದ ದೀರ್ಘ ಯುದ್ಧಗಳು ಕೀರ್ತಿಯ ಜೊತೆಗೆ ಬಳಲಿಕೆಯನ್ನೂ ತಂದಿದ್ದವು. ಗಮನವೆಲ್ಲ ದಕ್ಷಿಣದಲ್ಲಿದ್ದಾಗ ಉತ್ತರದಲ್ಲಿ ರಾಷ್ಟ್ರಕೂಟರು ಪ್ರಬಲರಾದರು. ಮಗ ಕೀರ್ತಿವರ್ಮನ ಕಾಲದಲ್ಲಿಯೇ ದಂತಿದುರ್ಗನು ಚಾಲುಕ್ಯರ ಅಧಿಕಾರವನ್ನು ಕುಗ್ಗಿಸಿದನು. ಬಾದಾಮಿ ಚಾಲುಕ್ಯರ ಆಳ್ವಿಕೆಯು ಆ ಶತಮಾನದ ಮಧ್ಯಭಾಗದಲ್ಲಿ ಅಂತ್ಯ ಕಂಡಿತು. ರಾಜ್ಯ ಉಳಿಯಲಿಲ್ಲ, ರಾಣಿಯರ ದೇವಾಲಯಗಳು ಉಳಿದವು. ವಿರೂಪಾಕ್ಷ ದೇವಾಲಯದಲ್ಲಿ ಇಂದಿಗೂ ಪೂಜೆ ನಡೆಯುತ್ತಿದೆ.

ವೀಕ್ಷಕರಿಗೆ ಮಾಹಿತಿ

ಪಟ್ಟದಕಲ್ಲಿನ ಸ್ಮಾರಕ ಸಮೂಹವು 1987ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಇದು ಬಾದಾಮಿಯಿಂದ ಸುಮಾರು 22 ಕಿ.ಮೀ. ದೂರದಲ್ಲಿದೆ. ಬಾಗಲಕೋಟೆ ಮತ್ತು ಬಾದಾಮಿಗಳಲ್ಲಿ ರೈಲು ನಿಲ್ದಾಣಗಳಿವೆ. ಪಟ್ಟದಕಲ್ಲಿನಿಂದ ಹುನಗುಂದದ ಕಡೆಗೆ ಸಾಗುವವರು ಐಹೊಳೆಯನ್ನು ಸಹ ವೀಕ್ಷಿಸಬಹುದು. ವಿರೂಪಾಕ್ಷ ದೇವಾಲಯದ ಪೂರ್ವದ ಮಹಾದ್ವಾರದಲ್ಲಿರುವ ಶಾಸನಗಳನ್ನು ತಪ್ಪದೆ ನೋಡಬೇಕು. ಸ್ಮಾರಕಗಳ ಮೇಲೆ ಹೆಸರು ಕೆತ್ತುವುದು, ಬರೆಯುವುದು ಕಾನೂನು ರೀತ್ಯಾ ಅಪರಾಧ. ಶತ್ರುವಿನ ನಗರದಲ್ಲಿಯೂ ದೇವಾಲಯವನ್ನು ಕಾಪಾಡಿದ ಅರಸನ ನಾಡಿನಲ್ಲಿ ಆತನ ಕುಟುಂಬದ ನೆನಪುಗಳನ್ನು ಕಾಪಾಡುವುದು ನಮ್ಮೆಲ್ಲರ ಕರ್ತವ್ಯವಾಗಿದೆ.